ತಿದ್ದಿದ ಪ್ರಶ್ನೆ

ವಾರವಿಡೀ ವನಮಾಲೆ ಹೊಗಳಿಸಿಕೊಂಡಿದ್ದಳು. ಅದು ಸಾಲದೆಂಬಂತೆ ಭಾನುವಾರ ಬೆಳಿಗ್ಗೆಯೂ ವೆಂಕಟಸುಬ್ಬಯ್ಯ ಮೇಷ್ಟ್ರು ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಉಪ್ಪಿಟ್ಟಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, "ಪುಟ್ಟಲಕ್ಷ್ಮಮ್ಮ, ಹೋದ ವಾರ ನಿಮ್ಮ ಮಗಳು ಒಂದು ಪ್ರಶ್ನೆ ಬರೆದುಕೊಟ್ಟಳಲ್ಲ, ಅಂಥಾದ್ದನ್ನ ಬೆಂಗಳೂರಲ್ಲಿ ನನ್ನ ಎಂಎ ಹುಡುಗರು ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಕೇಳಲಿಲ್ಲ ನೋಡಿ" ಎಂದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಾಯೇ ಬಿಡಲ್ಲ ಮೇಷ್ಟ್ರೇ ಇದು. ಬರಿಯೋದೊಂದು ಬರಿಯುತ್ತೆ" ಎಂದಳು. ಇದು. ಬರಿಯುತ್ತೆ. ವನಮಾಲೆಗೆ ಆ ಉಪ್ಪಿಟ್ಟಿನ ತಟ್ಟೆಯನ್ನು ಕಿತ್ತುಕೊಂಡು ಕಿಟಕಿಯಿಂದ ಕೆಳಗಿನ ಸ್ಕೂಟರುಗಳ ಮೇಲೆ ಎಸೆಯಬೇಕೆನ್ನಿಸಿತು. ಎಸೆದಾಗ ಆಗುವ ಸದ್ದು ಕೂಡ ಕಿವಿಯಲ್ಲಿ ಕೇಳಿಸಿತು. ಅವಳ ಬಾಯಿಂದ ಹೊರಟದ್ದು ಮಾತ್ರ, "ಇನ್ನೊಂಚೂರು ಹಾಕ್ಲಾ ಮೇಷ್ಟ್ರೇ?"

ಹಾಕಿಸಿಕೊಂಡರು. ಆರು ಭಾನುವಾರಗಳ ಉಪನ್ಯಾಸಕ್ಕೆಂದು ಬಂದವರು ಮುಂಬಯಿಯ ಕಾಂದಿವಲಿಯ ಈ ಎರಡು ಕೋಣೆಯ ಮನೆಯಲ್ಲೇ ಉಳಿದು ತಿಂಗಳಾಗಿತ್ತು. ಅಪ್ಪ ಅವರ ಹಳೆಯ ವಿದ್ಯಾರ್ಥಿ. ಬ್ಯಾಂಕಿನಲ್ಲಿ ನಾಲ್ಕು ಜನ ಗುಮಾಸ್ತರ ಮೇಲೆ ಜೋರು ಮಾಡುವ ಐವತ್ತರ ತಿರುಮಲೇಶ, ಮೇಷ್ಟ್ರೆದುರು ಈಗಲೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದ. ಮೇಷ್ಟ್ರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳು ಡೈರಿಯಲ್ಲಿ ಬರೆದಿದ್ದಳು. ಕೆಟ್ಟವರಲ್ಲ. ತಟ್ಟೆ ತಾವೇ ತೊಳೆದಿಡುತ್ತಾರೆ. ಜಗತ್ತಿನ ಧರ್ಮಗಳೆಲ್ಲ ತಮ್ಮ ಓಣಿಯ ಮನೆಗಳೇನೋ ಎಂಬಂತೆ, ಇಂಥ ಮನೆಯಲ್ಲಿ ಇಂಥ ಮಾತಾಯಿತು ಎಂದು ಸಲೀಸಾಗಿ ಹೇಳುತ್ತಾರೆ. ಮೊದಲ ಭಾನುವಾರ ಅವರು ದೇವರ ಕಲ್ಪನೆ ಹೇಗೆ ಹುಟ್ಟಿರಬಹುದೆಂದು ಒಂದು ಗಂಟೆ ಮಾತನಾಡಿದಾಗ ವನಮಾಲೆಯ ಮೈ ಜುಮ್ಮೆಂದಿತ್ತು. ಬಿಎ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತು ತಾನು ಕಾಯುತ್ತಿದ್ದದ್ದು ಇದಕ್ಕೇ ಅನ್ನಿಸಿತ್ತು. ಎಂಎಗೆ ಇವರೊಂದು ಶಿಫಾರಸಿನ ಪತ್ರ ಕೊಟ್ಟರೆ ಎಂಬ ಆಸೆಯೂ ಆವತ್ತೇ ಹುಟ್ಟಿತು. ಆ ಆಸೆ ಹುಟ್ಟಿದ ಗಳಿಗೆಯನ್ನೇ ಅವಳು ಈಗ ದ್ವೇಷಿಸುತ್ತಿದ್ದಳು.

ಮಾಟುಂಗದ ಕನ್ನಡ ಸಂಘದಲ್ಲಿ ಒಂದು ಪದ್ಧತಿಯಿತ್ತು. ಉಪನ್ಯಾಸದ ನಂತರ ಯಾರೂ ಎದ್ದು ನಿಂತು ಪ್ರಶ್ನೆ ಕೇಳುವಂತಿಲ್ಲ, ಚೀಟಿಯಲ್ಲಿ ಬರೆದುಕೊಡಬೇಕು. ಹಿಂದೆಂದೋ ಒಬ್ಬರು ಎದ್ದು ನಿಂತು ಭಾಷಣಕಾರರಿಗಿಂತ ಉದ್ದ ಮಾತಾಡಿ, ಕಡೆಗೆ ಲೈಟು ಆರಿಸಿ ಅವರನ್ನು ಕೂರಿಸಬೇಕಾಯಿತಂತೆ. ಕಾರ್ಯದರ್ಶಿ ನಾಣಿ ಮಾಮ ಅದನ್ನು ನೆನೆಸಿಕೊಂಡು ಈಗಲೂ ನಗುತ್ತಿದ್ದ. ಹಳೆಯ ವಾರ್ಷಿಕ ವರದಿಗಳನ್ನು ಕತ್ತರಿಸಿ ಮಾಡಿದ ಚೀಟಿಗಳು, ಅವನ್ನು ಹಾಕಲು ಒಂದು ಸ್ಟೀಲ್ ಡಬ್ಬಿ. ಡಬ್ಬಿ ಹಿಡಿದು ಸಾಲುಗಳ ನಡುವೆ ಓಡಾಡುವುದು, ಅಕ್ಷರ ತಿಳಿಯದ್ದನ್ನು ತಿದ್ದಿ ಬರೆಯುವುದು, 'ಮಗನಿಗೆ ಗ್ರೀನ್ ಕಾರ್ಡ್ ಯಾವಾಗ ಸಿಗುತ್ತದೆ' ಎಂಬಂಥವನ್ನು ತೆಗೆದು ಹಾಕುವುದು, ಇವೆಲ್ಲ ವನಮಾಲೆಯ ಪಾಲಿಗೆ ಬಂದವು. ಬಾಯಿ ಬಿಡದೆ ಎಲ್ಲರಿಗೂ ಬೇಕಾದವಳಾಗಿ ಇರಬಹುದಾದ ಕೆಲಸ. ಅದು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ, ಭಾನುವಾರ ಸಂಜೆಗಳಲ್ಲಿ ಅವಳ ನಡಿಗೆಯೇ ಬದಲಾಗಿತ್ತು.

ದಾನವ್ವ ಆ ನಡಿಗೆಯನ್ನು ನೋಡಿಯೇ ತನ್ನ ಮಾತು ಮುಟ್ಟಿಸಲು ಇವಳೇ ಸರಿಯಾದವಳೆಂದು ಅಂದುಕೊಂಡಿರಬೇಕು. ಸಂಘದ ಹಿಂದೆ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಗಾರೆ ಹೊರುವವಳು. ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಸಂಜೆ ಸಂಘದ ನಲ್ಲಿಗೆ ನೀರಿಗೆ ಬಂದಾಗ, ಸಭಾಂಗಣದ ಹೊರಗೆ ಕಟ್ಟಿದ ಸ್ಪೀಕರಿನಿಂದ ಕನ್ನಡ ಕೇಳಿ, ಕೊಡ ಇಳಿಸಿ ಮೆಟ್ಟಿಲ ಮೇಲೆ ಕೂರತೊಡಗಿದ್ದಳು. ಹೋದ ಭಾನುವಾರ ಉಪನ್ಯಾಸ ಸಾವು ಮತ್ತು ಸಂಸ್ಕಾರದ ಬಗ್ಗೆ. ಡಬ್ಬಿ ಹಿಡಿದು ಹೊರಬಂದಿದ್ದ ವನಮಾಲೆಯ ಸೀರೆಯ ನೆರಿಗೆಯನ್ನು ಮೆಟ್ಟಿಲಿಂದಲೇ ಹಿಡಿದು ಜಗ್ಗಿ, "ಯವ್ವಾ, ನಂದೂ ಒಂದು ಬರಕೋ. ನನಗ ಬರಿಯಾಕ ಬರಂಗಿಲ್ಲ" ಎಂದಿದ್ದಳು.

ಅವಳು ಹೇಳಿದ್ದನ್ನು ವನಮಾಲೆ ಆಮೇಲೆ ಡೈರಿಯಲ್ಲಿ ಇದ್ದಂತೆಯೇ ಬರೆದುಕೊಂಡಿದ್ದಳು. ಅದೇ ಅವಳ ಸಿಟ್ಟಿನ ಮೂಲ: ಅಲ್ಲಿ ಇದ್ದಂತೆ ಬರೆಯಲು ಬಂತು, ಚೀಟಿಯ ಮೇಲೆ ಬರಲಿಲ್ಲ. "ನಮ್ಮನಿಯವ, ಮುರಿಗೆಪ್ಪ ಅಂತ, ವಿಕ್ರೋಳ್ಯಾಗ ಬಿದಿರಿನ ಅಟ್ಟದ ಮ್ಯಾಲಿಂದ ಬಿದ್ದ. ನಮ್ಮದು ಮಣ್ಣು ಕೊಡೋ ಮಂದಿ. ಕುಂದ್ರಿಸಿ, ಕೊಳ್ಳಾಗಿನ ಲಿಂಗ ಅಂಗೈಯಾಗ ಇಟ್ಟು ಮಣ್ಣು ಕೊಡ್ತೇವಿ. ಹುಟ್ಟಿದಾಗ ಕಟ್ಟಿದ್ದು, ಅವನ ಕೂಡೇ ಹೋಗಬೇಕದು. ಕೂಲಿ ಮಂದಿ ಮುಕಾದಮ ಅವಸರ ಮಾಡಿದ, ಪೊಲೀಸ್ರು ಬರ್ತಾರ, ಲಗೂ ಮಾಡ್ರಿ ಅಂತ. ಕರೆಂಟಿನ ಸುಡುಗಾಡಿನ್ಯಾಗ ಸುಟ್ರು. ದವಾಖಾನ್ಯಾಗ ಲಿಂಗ ಬಿಚ್ಚಿ ಬೀಡಿಕಟ್ಟಿನ ಜೋಡಿ ಕಾಗದದಾಗ ಸುತ್ತಿ ನನ್ನ ಕೈಯಾಗ ಕೊಟ್ರು. ಅವ ಹೋದ, ಅದು ಇಲ್ಲೇ ಉಳದೈತಿ. ಒಬ್ಬಾಕಿ ದೇವರ ಜಗಲಿ ಮ್ಯಾಗ ಇಡು ಅಂತಾಳ, ಒಬ್ಬಾಕಿ ಮಗನ ಕೊಳ್ಳಾಗ ಕಟ್ಟು ಅಂತಾಳ. ಸತ್ತವನ ಲಿಂಗ ಕೂಸಿಗೆ ಹೆಂಗ ಕಟ್ಲಿ? ನಾ ಏನು ಮಾಡಬೇಕು? ಅದನ್ನೊಂದು ಕೇಳು ಭಾಷಣ ಮಾಡೋ ಸರ್‌ಗೆ." ಹೇಳುತ್ತ ಅವಳು ಲಿಂಗವಿದ್ದ ಸೊಂಟದ ಗಂಟನ್ನು ಬಿಚ್ಚಲಿಲ್ಲ, ಅಂಗೈಯಿಂದ ಮುಚ್ಚಿ ಹಿಡಿದುಕೊಂಡಿದ್ದಳಷ್ಟೆ.

ಚೀಟಿ ಅಂಗೈಯಗಲದ್ದು. ಅದರ ಬೆನ್ನ ಮೇಲೆ ಯಾವುದೋ ವರ್ಷದ ಯಕ್ಷಗಾನ ಕಾರ್ಯಕ್ರಮದ ವರದಿಯ ಅರ್ಧ ವಾಕ್ಯ. ವನಮಾಲೆ ಪೆನ್ನು ಹಿಡಿದಾಗ ದಾನವ್ವನನ್ನು ಮರೆತಿದ್ದಳು. ಒಳಗೆ ನಾಣಿ ಮಾಮ ಕನ್ನಡಕ ಏರಿಸಿ ಚೀಟಿ ಓದುವುದು, ಮುಂದಿನ ಸಾಲಿನ ಹೆಂಗಸರು ಮುಖ ಮುಖ ನೋಡಿಕೊಳ್ಳುವುದು, ಮೇಷ್ಟ್ರು 'ಇದನ್ನ ಯಾರಮ್ಮಾ ಡಬ್ಬಿಗೆ ಹಾಕಿದ್ದು' ಎನ್ನುವ ಹಾಗೆ ತನ್ನ ಕಡೆ ನೋಡುವುದು, ಇವೇ ಕಣ್ಣ ಮುಂದೆ ಇದ್ದವು. ಬೀಡಿಕಟ್ಟು, ಮುಕಾದಮ, ಕರೆಂಟು. ಅವಳು ಬರೆದಳು: 'ದಹನ ಮತ್ತು ಸಮಾಧಿ ಪದ್ಧತಿಗಳಲ್ಲಿ ಯಾವುದು ಪ್ರಾಚೀನ? ಮೃತರ ಅವಶೇಷ ಹಾಗೂ ಸಂಕೇತಗಳ ಬಗೆಗಿನ ಶ್ರದ್ಧೆಗೆ ತಾತ್ತ್ವಿಕ ನೆಲೆಯಿದೆಯೇ?' ಬರೆದು ಮುಗಿಸಿದಾಗ ಅವಳಿಗೆ ಖುಷಿಯಾಗಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತಿತ್ತು. ಖುಷಿಯಾಗಿತ್ತು!

ಮೇಷ್ಟ್ರು ಆ ಚೀಟಿಗೆ ಇಪ್ಪತ್ತು ನಿಮಿಷ ಕೊಟ್ಟರು. ಕೆಮ್ಮಣ್ಣು ಬಳಿದು ಹೂತ ಎಲುಬುಗಳಿಂದ ಹಿಡಿದು ಸ್ತೂಪಗಳವರೆಗೆ ಹೋಗಿ ಬಂದರು. "ಸುಟ್ಟವನು ಆಕಾಶವನ್ನು ನಂಬಿದ, ಹೂತವನು ನೆಲವನ್ನು ನಂಬಿದ" ಎಂದು ಹೇಳಿ, ಸರಿಯಾಗಿ ಎಷ್ಟು ತಡೆಯಬೇಕೋ ಅಷ್ಟು ತಡೆದು, "ಈ ಮುಂಬಯಿಯಲ್ಲಿ ನೆಲದ ರೇಟು ನೋಡಿದರೆ ಆಕಾಶವನ್ನು ನಂಬೋದೇ ಮೇಲು ಅನ್ನಿಸುತ್ತಪ್ಪ" ಎಂದರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಪ್ಪ ತೊಡೆ ತಟ್ಟಿಕೊಂಡ. ವನಮಾಲೆಯೂ ನಕ್ಕಳು, ಅರ್ಧ ನಗುವಿನಲ್ಲಿ ಬಾಗಿಲ ಕಡೆ ನೋಡಿದಳು. ದಾನವ್ವ ಹೊಸ್ತಿಲ ಆಚೆ ಎದ್ದು ನಿಂತು, ತನ್ನ ಪ್ರಶ್ನೆಗೆ ಇಷ್ಟೊಂದು ಜನ ಏಕೆ ನಗುತ್ತಿದ್ದಾರೆಂದು ಒಂದೊಂದೇ ಮುಖ ನೋಡುತ್ತಿದ್ದಳು. ನಗು ಇಳಿದ ಮೇಲೆ ಮೇಷ್ಟ್ರ ದನಿ ಗಂಭೀರವಾಯಿತು: "ಸತ್ತವರದ್ದು ಅಂತ ನಾವು ಹಿಡಿದಿಟ್ಟುಕೊಳ್ಳುವ ವಸ್ತು ಯಾವುದೇ ಇರಲಿ, ಅದು ನಮ್ಮನ್ನ ಹಿಡಿದಿಟ್ಟುಕೊಂಡಿರುತ್ತೆ. ಅದನ್ನ ಕೈಬಿಡೋದರಲ್ಲೇ ಅವರಿಗೂ ನಮಗೂ ಬಿಡುಗಡೆ." ಚಪ್ಪಾಳೆ. ವನಮಾಲೆ ಕುರ್ಚಿ ಮಡಚಿಟ್ಟು ಹೊರಬರುವಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು. ಖಾಲಿಯಾಗಿದ್ದುದಕ್ಕೆ ಸಮಾಧಾನವಾಯಿತು. ಅದನ್ನೂ ಅವಳು ಡೈರಿಯಲ್ಲಿ ಬರೆದಿದ್ದಳು, ಬರೆದರೆ ತಪ್ಪು ಅರ್ಧವಾಗುತ್ತದೆ ಎಂಬಂತೆ.

ಮಂಗಳವಾರ, ಅಮ್ಮ ತರಕಾರಿಗೆ ಹೋಗಿದ್ದಾಗ, ಗೋಡೆಯ ಕಡೆ ಮುಖ ಮಾಡಿಕೊಂಡು ಎಲ್ಲವನ್ನೂ ಮೇಷ್ಟ್ರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಮಡಚಿ ಕೇಳಿಸಿಕೊಂಡರು. ಈಗ ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಕಾಲು ಹಿಡಿಯುತ್ತಿದ್ದಳು. ಅವರೆಂದರು, "ಅದು ಪ್ರಶ್ನೆ ಅಲ್ಲ ವನೂ. ಅದು ಕಷ್ಟ. ಪಾಪ. ಕಷ್ಟಕ್ಕೆ ನಾನೇನು ಉಪನ್ಯಾಸ ಕೊಡಲಿ? ನೀನು ಅದನ್ನ ಪ್ರಶ್ನೆ ಮಾಡಿದೆ. ಒಬ್ಬರದ್ದನ್ನ ಎಲ್ಲರದ್ದು ಮಾಡೋದೇ ತತ್ತ್ವಶಾಸ್ತ್ರ ಕಣಮ್ಮ. ನಿನಗದು ಹೇಳಿಕೊಡದೇ ಬಂದಿದೆ." ಶಿಫಾರಸಿನ ಪತ್ರವನ್ನು ತಾವಾಗಿಯೇ ಅಂದೇ ಬರೆದುಕೊಟ್ಟರು. ಅದನ್ನವಳು ಎರಡು ಕೈಯಲ್ಲಿ ತೆಗೆದುಕೊಂಡಳು, ಬಗ್ಗಿ ನಮಸ್ಕಾರ ಮಾಡಿದಳು.

ಈ ಭಾನುವಾರ ಸಂಜೆಯ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಅಪ್ಪ ಮತ್ತು ಮೇಷ್ಟ್ರು ಗಂಡಸರ ಡಬ್ಬಿಯಲ್ಲಿದ್ದರು. ಎದುರಿನ ಹೆಂಗಸು ಮೆಂತ್ಯದ ಸೊಪ್ಪು ಬಿಡಿಸುತ್ತ ಎಲೆಗಳನ್ನು ಮಡಿಲಿಗೂ ಕಾಂಡಗಳನ್ನು ಕಿಟಕಿಯಾಚೆಗೂ ಹಾಕುತ್ತಿದ್ದಳು. ಕಷ್ಟ, ಪ್ರಶ್ನೆ. ಬೇಡದ್ದು, ಬೇಕಾದ್ದು. ಎಷ್ಟು ಬೇಗ ಬೇಗ ಬಿಡಿಸುತ್ತಾಳೆ. ಜಗತ್ತಿನಲ್ಲಿ ಮೊದಲ ಬಾರಿಗೆ ಹೆಣದ ಮುಂದೆ ಕೂತವನು ಏನು ಕೇಳಿದ್ದ? ಯಾವುದು ಪ್ರಾಚೀನ ಎಂದನೇ? ಇವನನ್ನು ಏನು ಮಾಡಲಿ, ಇವನ ಕೊಡಲಿಯನ್ನು ಏನು ಮಾಡಲಿ ಎಂದೇ ಕೇಳಿದ್ದಿರಬೇಕು. ಅಲ್ಲಿಂದಲೇ ತಾನೆ ಎಲ್ಲ ಹೊರಟದ್ದು, ಇವರ ಆರು ಭಾನುವಾರಗಳೂ? ಇದನ್ನು ಮಂಗಳವಾರ ಹೇಳಬಹುದಾಗಿತ್ತು. ಅವಳ ಉತ್ತರಗಳೆಲ್ಲ ಐದು ದಿನ ತಡವಾಗಿ, ಅಂಧೇರಿ ದಾಟಿದ ಮೇಲೆ ಬರುತ್ತವೆ. ಸಾಂತಾಕ್ರೂಜ್ ಬರುವ ಹೊತ್ತಿಗೆ ಒಂದು ನಿಶ್ಚಯವಾಗಿತ್ತು. ಮೇಷ್ಟ್ರು ಬೇಡ. ಯಾರಿಗೆ ಗೊತ್ತಿದೆಯೋ ಅವರನ್ನೇ ಕೇಳುವುದು.

ಗೊತ್ತಿದ್ದವರು ಮೊದಲ ಸಾಲಿನಲ್ಲೇ ಕೂರುತ್ತಿದ್ದರು. ವಿಕ್ರೋಳಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಗುರಲಿಂಗಪ್ಪ, ಹಣೆಯ ತುಂಬ ವಿಭೂತಿ, ಪ್ರತಿ ಉಪನ್ಯಾಸದ ಮಧ್ಯೆ ಹತ್ತು ನಿಮಿಷ ನಿದ್ದೆ. ಸಭಾಂಗಣದ ಹೊರಗೆ ಚಪ್ಪಲಿ ಬಿಡುತ್ತಿದ್ದ ಅವರ ಮುಂದೆ ನಿಂತು ವನಮಾಲೆ ದಾನವ್ವನ ಮಾತನ್ನು ಹೇಳಿದಳು. ತಿದ್ದದೆ ಹೇಳಿದಳು, ಬೀಡಿಕಟ್ಟಿನ ಸಮೇತ. ಗುರಲಿಂಗಪ್ಪನವರು ಒಂದು ಚಪ್ಪಲಿ ಕಾಲಲ್ಲೇ ಇರುವಂತೆ ನಿಂತುಬಿಟ್ಟರು.

"ಅಯ್ಯ, ಇದಕ್ಯಾಕ ಇಷ್ಟು ಚಿಂತಿ? ನಮ್ಮವರ ರುದ್ರಭೂಮಿ ಐತಿ ಇಲ್ಲೇ. ನಾನೇ ಅದರ ಕಮಿಟಿಯಾಗ ಅದೀನಿ. ಸ್ವಾಮಿಗೋಳನ್ನ ಕೇಳಿ, ಸಣ್ಣ ಗುಂಡಿ ತೋಡಿ, ಅವನ ಹೆಸರು ಹೇಳಿ ಲಿಂಗಕ್ಕ ಮಣ್ಣು ಕೊಟ್ರಾತು. ಊರ ಕಡೆ ಹಿಂದ ಮಾಡೀವಿ ಹಂಗ, ಹೊಳ್ಯಾಗ ಕೊಚ್ಚಿ ಹೋದವರಿಗೆ. ಯಾವಾಗ ಕೇಳಿದ್ಲು ಆಕಿ?"

"ಹೋದ ವಾರ."

"ಹೋದ ವಾರ ನಾ ಇಲ್ಲೇ ಕುಂತಿದ್ನಲ್ಲ! ಯಾರೂ ಸುದ್ದೀನ ಎತ್ತಲಿಲ್ಲ. ಆ ಸುಡೋದು ಹೂಳೋದು ಅಂತ ಭಾಷಣ ಕೇಳಿ ಕೇಳಿ ನಾ ಮನಿಗೆ ಹೋದೆ." ಅವರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು. "ಕರಕೊಂಡು ಬಾ ಹೋಗು ಆಕೀನ. ನಾ ಒಳಗಿರ್ತೀನಿ."

ಇಷ್ಟೇ. ಎರಡು ನಿಮಿಷ. ವನಮಾಲೆ ಸಂಘದ ಹಿಂಬದಿಗೆ ಓಡುತ್ತಲೇ ಹೋದಳು, ಡಬ್ಬಿಯಲ್ಲಿನ ಖಾಲಿ ಚೀಟಿಗಳು ಹಾರಿ ಬಿದ್ದದ್ದನ್ನೂ ನೋಡದೆ. ಒಳಗೆ ಪ್ರಾರ್ಥನೆ ಆರಂಭವಾಗಿತ್ತು. ದಾನವ್ವ ನಲ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು. ಇವಳನ್ನು ಕಂಡು ಎದ್ದು, ಮುಖ ಒರೆಸಿಕೊಂಡು, "ಬಂದ್ಯೇನವ್ವ? ನಿನ್ನ ಹಾದೀನ ನೋಡಾಕತ್ತಿದ್ದೆ" ಎಂದಳು.

"ದಾನವ್ವ, ಅವರು ಹೇಳಿದರು... ಗುರಲಿಂಗಪ್ಪನವರು ಅಂತ, ನಿಮ್ಮವರೇ—"

"ಬಿಟ್ಟು ಬಂದೆ ನೋಡವ್ವ."

ವನಮಾಲೆಗೆ ಅರ್ಥವಾಗಲಿಲ್ಲ. ಅರ್ಥವಾಯಿತು. ದಾನವ್ವನ ಕೈ ಸೊಂಟದ ಮೇಲಿರಲಿಲ್ಲ.

"ಸರು ಅಂದ್ರಲ್ಲ, ಕೈ ಬಿಟ್ರನ ಅವನಿಗೂ ಬಿಡುಗಡೆ, ನನಗೂ ಬಿಡುಗಡೆ ಅಂತ. ಮೊದಲ ನಕ್ರು. ನಾ ಅಂದೆ, ನಗಲಿ, ಶ್ಯಾಣ್ಯಾರು, ನಮ್ಮ ಮಾತು ಕೇಳಿ ನಗು ಬಂದಿರಬೇಕು. ಕಡೀಕ ಹೇಳೋದು ಹೇಳಿದ್ರು. ಸೋಮವಾರ ಮುಂಜಾನೆ ಎದ್ದು ದಾದರ ಚೌಪಾಟಿಗೆ ನಡಕೋತ ಹೋಗಿ ಸಮುದ್ರದಾಗ ಬಿಟ್ಟೆ. ನೀರು ಹೊಳ್ಳಿ ತಂದು ಕಾಲಾಗ ಹಾಕ್ತು. ಮತ್ತ ಬಿಟ್ಟೆ." ಅವಳು ನಲ್ಲಿ ತಿರುಗಿಸಿದಳು, ಅದು ಸರಿಯಾಗಿ ನಿಲ್ಲಲಿಲ್ಲ. "ಬಿಡುಗಡೆ ಆಗಬೇಕಿತ್ತಲ್ಲ? ಅಂದಿನಿಂದ ಒಂದು ತುತ್ತು ಒಳಗ ಇಳದಿಲ್ಲ. ಎಲ್ಲಿ ಬಿಟ್ಟೆ ಅಂತ ಅವ ಕೇಳಿದಂಗಾಗ್ತೈತಿ. ಅಷ್ಟು ದೊಡ್ಡ ಸರು ನನ್ನ ಸಲುವಾಗಿ ಹೇಳಿದ್ದು, ಸುಳ್ಳಿರಾಕಿಲ್ಲ. ನಾನ ಎಲ್ಲೋ ತಪ್ಪು ಮಾಡೀನಿ. ಹೆಂಗ ಬಿಡಬೇಕಿತ್ತು ಅಂತ ಕೇಳವ್ವ ಇವತ್ತು. ಏನಾರ ಮಂತ್ರ ಇತ್ತೇನು?"

ಸುಮ್ಮನಿರಬಹುದು. ಮಂತ್ರವೇನೂ ಬೇಡ ದಾನವ್ವ, ಸರಿಯಾಗೇ ಬಿಟ್ಟಿದ್ದೀಯ, ಸಮುದ್ರ ದೊಡ್ಡದು ಎನ್ನಬಹುದು. ಅದು ಕರುಣೆಯಂತೆ ಕಾಣುತ್ತಿತ್ತು, ಮೇಷ್ಟ್ರ 'ಪಾಪ' ಎಂಬ ಮಾತಿನಂತೆಯೇ. ಚೀಟಿಯನ್ನು ತಿದ್ದಿದ ಕೈಯೇ ಈಗ ನಾಲಗೆಯನ್ನೂ ತಿದ್ದಲು ಬಂದಿದೆ ಎಂದು ವನಮಾಲೆಗೆ ಹೊಳೆಯಿತು. ದಾನವ್ವ ತನ್ನ ತಪ್ಪು ಹುಡುಕಿಕೊಂಡು ಉಪವಾಸ ಕೂತಿದ್ದಾಳೆ. ಆ ತಪ್ಪು ಇಲ್ಲಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಡಬ್ಬಿ ಹಿಡಿದು ನಿಂತಿದೆ.

"ನಾನು ಕೇಳಲಿಲ್ಲ" ಎಂದಳು.

"ಏನು?"

"ನೀವು ಹೇಳಿದ್ದನ್ನ ನಾನು ಬರೀಲಿಲ್ಲ. ಬೇರೆ ಏನೋ ಬರೆದೆ. ಚೆಂದ ಕಾಣಲಿ ಅಂತ. ಅವರು ಅದಕ್ಕೆ ಉತ್ತರ ಹೇಳಿದರು. ನಿಮ್ಮ ಗಂಡ, ಲಿಂಗ, ಯಾವುದೂ ಅವರಿಗೆ ಗೊತ್ತೇ ಇರಲಿಲ್ಲ. ನಿಮಗೆ ಅಂತ ಅವರು ಏನೂ ಹೇಳಲಿಲ್ಲ. ಅದಕ್ಕೆ ಮಣ್ಣು ಕೊಡಬಹುದಿತ್ತು ದಾನವ್ವ. ಈಗ ಗುರಲಿಂಗಪ್ಪನವರು ಹೇಳಿದರು. ಇಲ್ಲೇ ಕೊಡಬಹುದಿತ್ತು."

ದಾನವ್ವ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಮತ್ತೊಮ್ಮೆ ಬಿಗಿದಳು. ಬೈಯಲಿಲ್ಲ. "ನೀ ಸಾಲಿ ಕಲ್ತಾಕಿ" ಎಂದಳು, ಅಷ್ಟೆ. ಅದರಲ್ಲಿ ವ್ಯಂಗ್ಯವೂ ಇರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕಡೆಗೂ ಕಂಡವಳ ದನಿ. ಕೊಡವನ್ನು ಅಲ್ಲೇ ಬಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ ಅವಳು ಮೆಟ್ಟಿಲು ಹತ್ತಿದಳು. ಹೊಸ್ತಿಲಲ್ಲಿ ನಿಲ್ಲಲಿಲ್ಲ.

ಭಕ್ತಿಯ ಉಗಮ ಮತ್ತು ವಿಕಾಸದ ಬಗ್ಗೆ ಮೇಷ್ಟ್ರು ಪೀಠಿಕೆ ಹಾಕುತ್ತಿದ್ದರು. ಗಾರೆಯ ಬಿಳಿ ಹತ್ತಿದ ಬರಿಗಾಲು ಸಾಲುಗಳ ನಡುವಿನ ಜಮಖಾನದ ಮೇಲೆ ನಡೆದುಬರುವುದನ್ನು ಕಂಡು ಒಂದು ವಾಕ್ಯದ ಮಧ್ಯೆ ತಡೆದರು. ವೇದಿಕೆಯ ಪಕ್ಕದ ಮೇಜಿನಿಂದ ನಾಣಿ ಮಾಮ ತನ್ನ ಮೈಕು ಎತ್ತಿಕೊಂಡು ಎದ್ದ. "ಅರೇ ಬಾಯೀ, ಏನಮ್ಮ, ಇಲ್ಲಿ ಪ್ರೋಗ್ರಾಂ ನಡೀತಾ ಇದೆ. ನೀರು ಹಿಂದುಗಡೆ."

"ನೀರಿಗೆ ಬಂದಿಲ್ಲ. ಕೇಳಾಕ ಬಂದೀನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಣಿ ಮಾಮನ ಮುಖದಲ್ಲಿ ಆ ಹಳೆಯ ಕಥೆಯ ನಗು ಸುಳಿಯಿತು. "ಕೇಳೋದೆಲ್ಲ ಕಡೇಲಿ. ಚೀಟಿ ಕೊಡಬೇಕು, ಹಾಗೆಲ್ಲ ಎದ್ದು ಕೇಳೋ ಪದ್ಧತಿ ಇಲ್ಲ ನಮ್ಮಲ್ಲಿ. ವನಮಾಲಾ! ಎಲ್ಲಿ ಹೋದ್ಯೇ? ಇವರದ್ದೇನಿದೆ, ಜಲ್ದಿ ಒಂದು ಚೀಟೀಲಿ ಬರಕೋ ಬೇಟಾ."

"ಬರಿಯೋಲ್ಲ" ಎಂದಳು ವನಮಾಲೆ. ಬಾಗಿಲಿನಿಂದ ಅಂದದ್ದು ತನಗೇ ಸರಿಯಾಗಿ ಕೇಳಿಸಲಿಲ್ಲ. ಜಮಖಾನದ ಮೇಲೆ ನಡೆದು ಮುಂದೆ ಬಂದು ಮತ್ತೆ ಅಂದಳು, "ನಾನು ಬರಿಯೋಲ್ಲ ಮಾಮ. ಅವರೇ ಹೇಳ್ತಾರೆ." ಮೂರನೆಯ ಸಾಲಿನಿಂದ ಅಪ್ಪ, "ವನೂ, ಏನಿದು? ಕೂತ್ಕೋ" ಎಂದ, ಬ್ಯಾಂಕಿನ ದನಿಯಲ್ಲೂ ಅಲ್ಲ, ಮೇಷ್ಟ್ರ ಮುಂದಿನ ದನಿಯಲ್ಲೂ ಅಲ್ಲ. ಅವಳು ನಾಣಿ ಮಾಮನ ಕೈಯಿಂದ ಮೈಕು ಕಿತ್ತುಕೊಂಡಳು. ತಂತಿ ಮೇಜಿನ ಮೇಲಿನ ಹೂದಾನಿಯನ್ನು ಉರುಳಿಸಿತು. ಮೇಷ್ಟ್ರು ಕನ್ನಡಕ ತೆಗೆದು, "ಇರಲಿ ನಾಣಿ, ಹೇಳಲಿ. ಹೇಳಮ್ಮ, ಏನು ನಿನ್ನ ಕಷ್ಟ?" ಎಂದರು, ನಿಜವಾಗಿಯೂ ಮೃದುವಾಗಿ.

ವನಮಾಲೆ ಮೈಕನ್ನು ದಾನವ್ವನ ಬಾಯಿಯ ಹತ್ತಿರ ಹಿಡಿದಳು. ತನ್ನದೇ ಉಸಿರು ನಾಲ್ಕು ಕಡೆಯಿಂದ ಕೇಳಿ ದಾನವ್ವ ಒಮ್ಮೆ ಬೆಚ್ಚಿದಳು. ಆಮೇಲೆ ಮೇಷ್ಟ್ರ ಕಡೆಗಲ್ಲ, ಕೂತ ಜನರ ಕಡೆ ತಿರುಗಿದಳು.

"ಹೋದ ಐತಾರ ನಾ ಈ ಹುಡುಗಿ ಕೈಯಾಗ ಒಂದು ಮಾತು ಕೊಟ್ಟಿದ್ದೆ" ಎಂದಳು. "ನಿಮಗ ಮುಟ್ಟಿಸು ಅಂತ. ಈಕಿ ಮುಟ್ಟಿಸಲಿಲ್ಲ. ಮೊದಲ ಅದನ್ನ ಹೇಳ್ತೀನಿ."

ಮುಖಗಳೆಲ್ಲ ತಿರುಗಿದವು. ಸ್ಪೀಕರು ಗೊರಗುಟ್ಟಿತು. ವನಮಾಲೆ ಇನ್ನೊಂದು ಕೈಯನ್ನೂ ಕೊಟ್ಟು, ಮೈಕನ್ನು ದಾನವ್ವನ ತುಟಿಗೆ ಇನ್ನೂ ಹತ್ತಿರ ತಂದಳು.